ರೂಢಿಯಿಂದ ವ್ರತದವರೆಗೆ: ಅಡುಗೆಮನೆಯ ಸಂಸ್ಕಾರವನ್ನು ಕುರಿತು

ಪರ್ವದ ದಿನಗಳು ಸಮೀಪಿಸುತ್ತಿದ್ದಂತೆ ನಮ್ಮ ಮನೆಗಳಲ್ಲಿ ಮೊಟ್ಟಮೊದಲು ಎಚ್ಚರಗೊಳ್ಳುವುದು ಅಡುಗೆಮನೆ. ಮಂದಿರಕ್ಕೆ ತಳಿರುತೋರಣ ಕಟ್ಟುವುದಕ್ಕೆ ಮುಂಚೆಯೇ ಕಾಳುಕಡಿಗಳನ್ನು ಹಸನು ಮಾಡಿಡುತ್ತಾರೆ, ಹಿಟ್ಟನ್ನು ಹೊಸದಾಗಿ ಬೀಸಿಸುತ್ತಾರೆ, ನೀರು ಸೋಸಲು ಹೊಸ ಬಟ್ಟೆ ತೆಗೆಯುತ್ತಾರೆ. ಶ್ವೇತಾಂಬರ ಬಂಧುಗಳಿಗೆ ಎಂಟು ದಿನಗಳ ಪರ್ಯುಷಣ, ದಿಗಂಬರ ಬಂಧುಗಳಿಗೆ ಹತ್ತು ದಿನಗಳ ದಶಲಕ್ಷಣ. ದಿನಗಳ ಎಣಿಕೆ ಬೇರೆಯಾದರೂ ಎರಡೂ ಕಡೆ ಸಾಧನೆ ಆರಂಭವಾಗುವುದು ಊಟದ ತಟ್ಟೆಯಿಂದಲೇ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿರುವ ಆರು ಬಾಹ್ಯ ತಪಗಳ ಪೈಕಿ ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ ಎಂಬ ನಾಲ್ಕು ಆಹಾರಕ್ಕೇ ಸಂಬಂಧಿಸಿದವು. ಮನುಷ್ಯನನ್ನು ತಿದ್ದಬೇಕಾದರೆ ಅವನು ಉಣ್ಣುವ ಎಡೆಯಿಂದಲೇ ತಿದ್ದಬೇಕೆಂಬುದನ್ನು ನಮ್ಮ ಆಚಾರ್ಯರು ಚೆನ್ನಾಗಿ ಅರಿತಿದ್ದರು.

ಹಿಂದಿನ ವರ್ಷದ ಪರ್ವಕಾಲದಲ್ಲಿ, ಹೈದರಾಬಾದಿನಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದಳು. ವಸತಿನಿಲಯದ ಊಟದ ಸಾಲಿನಲ್ಲಿ ಗೆಳತಿಯೊಬ್ಬಳು "ನೀನು ಉಳ್ಳಾಗಡ್ಡಿ ಏಕೆ ತಿನ್ನುವುದಿಲ್ಲ?" ಎಂದು ವಿಚಾರಿಸಿದಳಂತೆ. ಇವಳು "ನಮ್ಮ ಮನೆಯಲ್ಲಿ ತಿನ್ನುವುದಿಲ್ಲ" ಎಂದಳಂತೆ. "ಅದು ನಿಮ್ಮ ಮನೆಯವರ ಮಾತಾಯಿತು, ನಿನ್ನ ಮಾತೇನು?" ಎಂದು ಆಕೆ ಮರಳಿ ಕೇಳಿದಾಗ ಇವಳಿಗೆ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ನನ್ನನ್ನು ಕೇಳಿದಳು: "ಮುತ್ಯಾ, ನಾ ಉಳ್ಳಾಗಡ್ಡಿ ಬಿಟ್ಟೀನೇನು, ಇಲ್ಲಾ ಅದು ನನಗ ಸಿಕ್ಕೇ ಇರಲಿಲ್ಲೇನು?"

ಎಪ್ಪತ್ತರ ಗಡಿ ದಾಟಿದ ನನಗೂ ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲ. "ನಾಳೆ ಮಾತಾಡೋಣವ್ವಾ" ಎಂದು ಹೇಳಿ ಮಾತು ಮುಗಿಸಿದೆ. ತಿಳಿವಳಿಕೆ ಬರುವುದಕ್ಕೆ ಮೊದಲೇ ಮನೆಯಿಂದ ಬಂದ ಆಚಾರವನ್ನು ನಮ್ಮ ಸ್ವಂತ ಧರ್ಮವೆಂದು ಕರೆಯಬಹುದೇ? ಈ ಲೇಖನವು ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರ.

ಗಡಿನಾಡಿನ ಒಲೆ

ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಸುತ್ತಲಿನ ನಾಡು ಒಂದೇ ಭಾಷೆಯ ನಾಡಲ್ಲ. 1956ರ ನವೆಂಬರ್ 1ರವರೆಗೆ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯ ದಿನ ಅವು ಮಹಬೂಬನಗರಕ್ಕೆ ಸೇರಿದವು, ರಾಯಚೂರು ಅಂದಿನ ಮೈಸೂರು ರಾಜ್ಯಕ್ಕೆ ಹೋಯಿತು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು, 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯೂ 2019ರಲ್ಲಿ ನಾರಾಯಣಪೇಟೆ ಜಿಲ್ಲೆಯೂ ಆದವು. ಗಡಿಗೆರೆಗಳು ಹೀಗೆ ಹಲವು ಬಾರಿ ಸರಿದರೂ ಒಲೆಯ ಮೇಲಿನ ಹಂಚು ಸರಿಯಲಿಲ್ಲ. ಕನ್ನಡದವರು ಜೋಳದ ರೊಟ್ಟಿ ಎನ್ನುವುದನ್ನು ತೆಲುಗಿನವರು ಜೊನ್ನ ರೊಟ್ಟೆ ಎನ್ನುತ್ತಾರೆ, ಮರಾಠಿಯವರು ಭಾಕರಿ ಎನ್ನುತ್ತಾರೆ. ನಮ್ಮ ಪುಂಡಿಪಲ್ಯ ಅವರ ಪುಂಟಿಕೂರ, ಇವರ ಅಂಬಾಡಿ. ವ್ಯಾಪಾರಕ್ಕಾಗಿ ಮಾರವಾಡ, ಗುಜರಾತಗಳಿಂದ ಬಂದು ನೆಲೆಸಿದ ಬಂಧುಗಳು ಗಟ್ಟೆಯನ್ನೂ ಖಾಖರಾವನ್ನೂ ತಂದರು, ಶೇಂಗಾಹಿಂಡಿಯನ್ನು ಇಲ್ಲಿ ಕಲಿತರು.

ಜೈನರಿಗೆ ಈ ಬಹುಭಾಷೆ ಹೊಸದಲ್ಲ. ಆದಿಕವಿ ಪಂಪನ ತಮ್ಮ ಜಿನವಲ್ಲಭನು ಹತ್ತನೆಯ ಶತಮಾನದಲ್ಲಿ ಇಂದಿನ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಂಡೆಯ ಮೇಲೆ ಬರೆಯಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಭಾಷೆ ಬದಲಾದರೂ ಆಚಾರ ಮುಂದುವರಿಯಬಲ್ಲದೆಂಬುದಕ್ಕೆ ಆ ಬಂಡೆ ಸಾಕ್ಷಿ. ಆಚಾರವನ್ನು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿಸುವುದು ಮಾತ್ರ ಬಂಡೆಯಲ್ಲ, ಮನೆ.

ಒಂದು ಸಣ್ಣ ನಿದರ್ಶನ. ಯುಗಾದಿಯಂದು ನಮ್ಮ ತೆಲುಗು ನೆರೆಹೊರೆಯವರು ಬೇವಿನ ಹೂವು, ಮಾವಿನಕಾಯಿ, ಹೊಸ ಹುಣಸೆ, ಬೆಲ್ಲ ಬೆರೆಸಿ ಪಚ್ಚಡಿ ಮಾಡುತ್ತಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ, ಅಲ್ಪಫಲಕ್ಕಾಗಿ ಬಹುಜೀವಘಾತವಾಗುವ ಪದಾರ್ಥಗಳ ಪಟ್ಟಿಯಲ್ಲಿ ಮೂಲಂಗಿ, ಹಸಿಶುಂಠಿ, ಬೆಣ್ಣೆಗಳ ಜೊತೆಗೆ ಬೇವಿನ ಹೂವಿನ ಹೆಸರೂ ಇದೆ. ನಾವು ಆಯಿ ಎಂದು ಕರೆಯುತ್ತಿದ್ದ ನನ್ನ ಅಜ್ಜಿ ಆ ಗ್ರಂಥವನ್ನು ಓದಿದವರಲ್ಲ. ಆದರೂ ಯುಗಾದಿಯ ದಿನ ಹೂವನ್ನು ಮುಟ್ಟದೆ, ಬೇವಿನ ಚಿಗುರೆಲೆಯೊಂದನ್ನು ಬೆಲ್ಲದೊಡನೆ ನಮ್ಮ ಅಂಗೈಗೆ ಹಾಕುತ್ತಿದ್ದರು. ನೆರೆಯವರ ಹಬ್ಬವೂ ತಪ್ಪಲಿಲ್ಲ, ಮನೆಯ ನಿಯಮವೂ ತಪ್ಪಲಿಲ್ಲ. ಆಚಾರ್ಯರ ಶ್ಲೋಕವೊಂದು ಹೀಗೆ ಅಕ್ಷರದ ನೆರವಿಲ್ಲದೆ ಒಬ್ಬ ಮುದುಕಿಯ ಕೈಯವರೆಗೆ ಬಂದು ತಲಪಿತ್ತು.

ಮಾತಿಗೆ ಮೊದಲು ಬಂದ ಪಾಠ

ಆಹಾರದ ಸಂಸ್ಕಾರವು ಉಪದೇಶದಿಂದ ಬರುವುದಕ್ಕಿಂತ ಹೆಚ್ಚಾಗಿ ನೋಟದಿಂದ, ವಾಸನೆಯಿಂದ, ಕೈಕೆಲಸದಿಂದ ಬರುತ್ತದೆ. ಇದನ್ನು ಇಂದಿನ ವಿಜ್ಞಾನವೂ ಸಮರ್ಥಿಸುತ್ತದೆ. ಅಮೆರಿಕದ ಫಿಲಡೆಲ್ಫಿಯಾ ನಗರದ ಮೊನೆಲ್ ಸಂಶೋಧನ ಕೇಂದ್ರದ ಜೂಲಿ ಮೆನೆಲ್ಲಾ ಮತ್ತು ಸಹೋದ್ಯೋಗಿಗಳು 2001ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಕೆಲವು ತಾಯಂದಿರು ಗರ್ಭದ ಕೊನೆಯ ತಿಂಗಳುಗಳಲ್ಲಿ, ಇನ್ನು ಕೆಲವರು ಹಾಲೂಡಿಸುವ ದಿನಗಳಲ್ಲಿ ಗಜ್ಜರಿಯ ರಸ ಕುಡಿದಿದ್ದರು. ಮುಂದೆ ಅವರ ಮಕ್ಕಳಿಗೆ ಗಜ್ಜರಿ ಬೆರೆಸಿದ ಗಂಜಿ ಉಣಿಸಿದಾಗ, ಆ ಕೂಸುಗಳು ಇತರ ಕೂಸುಗಳಿಗಿಂತ ಕಡಿಮೆ ಮುಖ ಸಿಂಡರಿಸಿದವು. ತಾಯಿ ಬೆಳ್ಳುಳ್ಳಿ ತಿಂದರೆ ಎದೆಹಾಲಿನ ವಾಸನೆಯೇ ಬದಲಾಗುತ್ತದೆಂದು ಅದೇ ಕೇಂದ್ರದವರು ಇನ್ನೂ ಮೊದಲೇ ತೋರಿಸಿದ್ದರು. ಅಂದಮೇಲೆ ನಮ್ಮ ಮಗುವಿಗೆ ಬೆಳ್ಳುಳ್ಳಿ ಹಿಡಿಸದಿರುವುದಕ್ಕೆ ಬಹುಮಟ್ಟಿಗೆ ತಾಯಿಯ ಊಟವೇ ಕಾರಣವಾಗಿರಬಹುದು. ಅದರಲ್ಲಿ ಮಗುವಿನ ಪುಣ್ಯವೂ ಇಲ್ಲ, ಪುರುಷಾರ್ಥವೂ ಇಲ್ಲ.

ನನ್ನ ಬಾಲ್ಯದ ನಾರಾಯಣಪೇಟೆಯಲ್ಲಿ ಕುಡಿಯುವ ನೀರು ಬಾವಿಯದು. ಆಯಿ ಕೊಡದ ಬಾಯಿಗೆ ದಟ್ಟನೆಯ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕಟ್ಟಿ ನೀರು ಸೋಸುತ್ತಿದ್ದರು. ಹಿಂದಿಯವರು ಛನ್ನಾ, ಗುಜರಾತಿಯವರು ಗಳಣು, ಮರಾಠಿಯವರು ಗಾಳಣೆ ಎನ್ನುವುದು ಇದನ್ನೇ. ಸೋಸಿದ ಮೇಲೆ ಕೆಲಸ ಮುಗಿಯುತ್ತಿರಲಿಲ್ಲ. ಸೋಸಿದ ನೀರಿನಿಂದಲೇ ಆ ಬಟ್ಟೆಯನ್ನು ಮೆಲ್ಲನೆ ಜಾಲಿಸಿ, ಆ ನೀರನ್ನು ಚಿಕ್ಕ ಚೆಂಬಿನಲ್ಲಿ ಹಿಡಿದು, ಹಗ್ಗದಿಂದ ಬಾವಿಗೆ ಇಳಿಬಿಟ್ಟು, ನೀರಿನ ಮಟ್ಟ ಮುಟ್ಟಿದ ಮೇಲೆ ಚೆಂಬನ್ನು ವಾಲಿಸುತ್ತಿದ್ದರು. ಇದೇ ಜೀವಾಣಿ. ಬಟ್ಟೆಯಲ್ಲಿ ಉಳಿದ ಕಾಣದ ಜೀವಗಳು ತಾವಿದ್ದ ನೀರಿಗೇ ಮರಳಬೇಕು, ಮೇಲಿಂದ ಎಸೆದರೆ ಅವಕ್ಕೆ ಪೆಟ್ಟಾದೀತು ಎಂಬ ಎಚ್ಚರ. ನಾನು ಹಗ್ಗ ಹಿಡಿದುಕೊಳ್ಳಲು ಹಾತೊರೆಯುತ್ತಿದ್ದೆ. ಅಹಿಂಸೆ ಎಂಬ ಪದದ ಅರ್ಥ ನನಗೆ ತಿಳಿದದ್ದು ಬಹುಕಾಲದ ಮೇಲೆ. ಚೆಂಬನ್ನು ನಿಧಾನವಾಗಿ ಇಳಿಸಬೇಕೆಂಬುದು ಮಾತ್ರ ಐದನೆಯ ವಯಸ್ಸಿಗೇ ನನ್ನ ಕೈಗೆ ತಿಳಿದಿತ್ತು.

ಮುಂದೆ ಮನೆಗೆ ನಳ ಬಂತು. ನಳದ ಬಾಯಿಗೆ ಬಟ್ಟೆ ಕಟ್ಟಿದೆವು. ನೀರು ಸೋಸಿತು ನಿಜ, ಆದರೆ ಮರಳಿಸಲು ಬಾವಿಯೇ ಇರಲಿಲ್ಲ. ಬಟ್ಟೆ ಅಲ್ಲಿಯೇ ಒಣಗುತ್ತಿತ್ತು. ಜೀವರಕ್ಷಣೆಗೆಂದು ಬಂದ ಬಟ್ಟೆ ಉಳಿಯಿತು, ಜೀವಾಣಿ ಹೋಯಿತು. ನನ್ನ ಮಕ್ಕಳು ಕಂಡದ್ದು ನಳಕ್ಕೆ ಕಟ್ಟಿದ ಬಟ್ಟೆಯನ್ನು ಮಾತ್ರ. ಕಸ ಬಾರದಿರಲೆಂದು ಕಟ್ಟುತ್ತಾರೆ ಎಂದು ಅವರು ತಿಳಿದಿದ್ದರೆ ಆ ತಪ್ಪು ಅವರದಲ್ಲ, ಕಾರಣ ಹೇಳದ ನನ್ನದು.

ರೂಢಿ ಬೇರೆ, ವ್ರತ ಬೇರೆ

ಈಗ ಮೊಮ್ಮಗಳ ಪ್ರಶ್ನೆಗೆ ಬರೋಣ. ಆ ಪ್ರಶ್ನೆಯನ್ನು ಸಮಂತಭದ್ರಾಚಾರ್ಯರು ಶತಮಾನಗಳ ಹಿಂದೆಯೇ ಎದುರಿಸಿದ್ದಾರೆ. ಭೋಗೋಪಭೋಗ ಪರಿಮಾಣವನ್ನು ವಿವರಿಸುತ್ತ ಅವರು ಹೇಳುವುದರ ತಾತ್ಪರ್ಯ ಇಷ್ಟು: ನಮಗೆ ಅಹಿತವಾದುದನ್ನು ಬಿಡಬೇಕು, ಸಜ್ಜನರು ಸೇವಿಸಲು ಯೋಗ್ಯವಲ್ಲದ್ದನ್ನೂ ಬಿಡಬೇಕು, ಆದರೆ ಸೇವಿಸಲು ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ಹಿಂದೆ ಸರಿಯುವುದೇ ವ್ರತ. ಆ ಸಂಕಲ್ಪಕ್ಕೆ ಅವರು ಬಳಸುವ ಪದ ಅಭಿಸಂಧಿ. ಮೈಗೆ ಒಗ್ಗದ್ದನ್ನು ಬಿಟ್ಟವನು ವ್ರತಿಯಲ್ಲ, ರುಚಿಯೇ ತಿಳಿಯದ್ದನ್ನು ಬಿಟ್ಟವನೂ ಅಷ್ಟರಿಂದಲೇ ವ್ರತಿಯಾಗುವುದಿಲ್ಲ. ಬಿಡುವಾಗ ಮನಸ್ಸು ಆ ಕಾರ್ಯದಲ್ಲಿ ಉಪಸ್ಥಿತವಾಗಿರಬೇಕು. ಪ್ರಮಾದವೇ ಹಿಂಸೆಯ ಬೇರು ಎಂದು ತತ್ತ್ವಾರ್ಥಸೂತ್ರ ಸಾರುವಾಗ, ಅಹಿಂಸೆಯ ಬೇರು ಎಚ್ಚರದಲ್ಲಿದೆ ಎಂದಂತೆಯೇ ಆಯಿತು. ಎಚ್ಚರವಿಲ್ಲದ ಸದಾಚಾರವನ್ನು ಏನೆಂದು ಕರೆಯೋಣ? ಕುಲಾಚಾರ ಎನ್ನಬಹುದು, ರೂಢಿ ಎನ್ನಬಹುದು. ಅದು ಒಳ್ಳೆಯದೇ. ಆದರೆ ಅದು ವ್ರತದ ಬಾಗಿಲು, ಗರ್ಭಗುಡಿಯಲ್ಲ.

ಹಾಗಾದರೆ ಮನೆಯ ಸಂಸ್ಕಾರ ವ್ಯರ್ಥವೇ? ಖಂಡಿತ ಅಲ್ಲ. ಮಹಾತ್ಮಾ ಗಾಂಧಿಯವರ ಆತ್ಮಕಥೆಯನ್ನು ಓದಿದವರಿಗೆ ಈ ಪ್ರಸಂಗ ನೆನಪಿರಬಹುದು. ಬಾಲಕನಾಗಿದ್ದಾಗ ಗೆಳೆಯನ ಮಾತಿಗೆ ಮರುಳಾಗಿ ಅವರು ಕದ್ದು ಮಾಂಸ ತಿಂದಿದ್ದರು. 1888ರಲ್ಲಿ ಇಂಗ್ಲೆಂಡಿಗೆ ಹೊರಟಾಗ ತಾಯಿ ಪುತಲೀಬಾಯಿಯವರ ಸಮಾಧಾನಕ್ಕಾಗಿ, ಬೇಚರ್‌ಜಿ ಸ್ವಾಮಿ ಎಂಬ ಜೈನ ಮುನಿಗಳ ಸಮ್ಮುಖದಲ್ಲಿ ಮದ್ಯ, ಮಾಂಸ, ಸ್ತ್ರೀಸಂಗಗಳಿಂದ ದೂರವಿರುವುದಾಗಿ ಪ್ರತಿಜ್ಞೆ ಮಾಡಿದರು. ಲಂಡನ್ನಿನಲ್ಲಿ ಅರೆಹೊಟ್ಟೆಯಲ್ಲಿದ್ದರೂ ಕೊಟ್ಟ ಮಾತಿಗಾಗಿ ಮಾಂಸ ಮುಟ್ಟಲಿಲ್ಲ. ಕಡೆಗೆ ಫಾರಿಂಗ್ಡನ್ ಬೀದಿಯ ಸಸ್ಯಾಹಾರಿ ಊಟದ ಮನೆಯೊಂದರಲ್ಲಿ ಹೆನ್ರಿ ಸಾಲ್ಟರ ಪುಸ್ತಕವನ್ನು ಕೊಂಡು ಓದಿದ ಮೇಲೆ, ತಾನು ಸ್ವಂತ ಆಯ್ಕೆಯಿಂದ ಸಸ್ಯಾಹಾರಿಯಾದೆನೆಂದು ಬರೆಯುತ್ತಾರೆ. ಮನೆಯ ರೂಢಿ, ತಾಯಿಗೆ ಕೊಟ್ಟ ಮಾತು, ಸ್ವಂತ ವಿವೇಕ ಎಂಬ ಮೂರು ಮೆಟ್ಟಿಲುಗಳು ಇಲ್ಲಿವೆ. ಮೊದಲಿನ ಎರಡು ಅವರನ್ನು ಕೈಹಿಡಿದು ನಿಲ್ಲಿಸಿರದಿದ್ದರೆ ಮೂರನೆಯದನ್ನು ಏರುವ ಅವಕಾಶವೇ ಬರುತ್ತಿರಲಿಲ್ಲ. ಮೊದಲ ಮೆಟ್ಟಿಲಲ್ಲೇ ಕುಳಿತವನಿಗಾದರೋ ಮೂರನೆಯದು ಎಂದೂ ದೊರೆಯದು.

ಕಾರಣ ತಿಳಿಯದ ರೂಢಿಗೆ ಇನ್ನೊಂದು ದೌರ್ಬಲ್ಯವಿದೆ. ಅದು ಪರಿಚಿತವಾದ ಅಡುಗೆಮನೆಯಲ್ಲಿ ಮಾತ್ರ ದಾರಿ ತೋರಿಸುತ್ತದೆ. ಪೊಟ್ಟಣದ ತಿನಿಸಿನ ಮೇಲೆ ಹಸಿರು ಗುರುತಿದ್ದರೆ ಸಾಕೆಂದು ನಮ್ಮ ಮಕ್ಕಳು ಭಾವಿಸುತ್ತಾರೆ. ಆದರೆ ನಮ್ಮ ದೇಶದ ಆಹಾರ ನಿಯಮಗಳು ಜೇನನ್ನು ಮಾಂಸಾಹಾರದ ಲೆಕ್ಕದಿಂದ ಹೊರಗಿಟ್ಟಿವೆ. ಮದ್ಯ, ಮಾಂಸ, ಮಧು ಎಂಬ ಮೂರು ಮಕಾರಗಳಲ್ಲಿ ಒಂದಾದ ಮಧು ಹಸಿರು ಗುರುತಿನ ಅಡಿಯಲ್ಲೇ ಮನೆಗೆ ಬರಬಹುದು. ನೆಲದಡಿಯಲ್ಲಿ ಬೆಳೆಯುವುದೆಲ್ಲ ವರ್ಜ್ಯವೆಂದಷ್ಟೇ ಕಲಿತ ಮಗು "ಶೇಂಗಾ ಏಕೆ ತಿನ್ನುತ್ತೇವೆ?" ಎಂದರೆ ನಿರುತ್ತರರಾಗುತ್ತೇವೆ. ಶೇಂಗಾ ಬೇರೂ ಅಲ್ಲ, ಗಡ್ಡೆಯೂ ಅಲ್ಲ. ಹೂವು ನೆಲದ ಮೇಲೆ ಅರಳಿ, ಅದರ ಎಳೆ ಮಣ್ಣಿಗಿಳಿದು ಕಾಯಾಗುತ್ತದೆ, ಒಳಗಿರುವುದು ಬೀಜ. ಒಂದೇ ಶರೀರದಲ್ಲಿ ಅನಂತ ಜೀವಗಳಿರುವ ಅನಂತಕಾಯವನ್ನು ಬಿಡಬೇಕೆಂಬುದು ತತ್ತ್ವ. ತತ್ತ್ವ ತಿಳಿದ ಮಗು ಯಾವ ಊರಿನ ಊಟದ ಮನೆಯಲ್ಲಿಯೂ ದಾರಿ ತಪ್ಪದು.

ಎರಡು ಜೈನ ಮನೆಗಳು ಕೂಡಿದಾಗ

ನಮ್ಮ ಊಟದಲ್ಲಿ ಶಾಸ್ತ್ರವೆಷ್ಟು, ಮನೆಯ ರೂಢಿಯೆಷ್ಟು ಎಂಬುದು ಚೆನ್ನಾಗಿ ಕಾಣುವುದು ಸೊಸೆ ಬಂದಾಗ. ಕನ್ನಡ ಮನೆಗೆ ಗುಜರಾತಿ ಸೊಸೆ ಬರುತ್ತಾಳೆ, ಮಾರವಾಡಿ ಮನೆಗೆ ಮರಾಠಿ ಸೊಸೆ. ಎರಡೂ ಜೈನ ಕುಟುಂಬಗಳೇ. ಆದರೆ ಒಂದು ಮನೆಯಲ್ಲಿ ಅಷ್ಟಮಿ ಚತುರ್ದಶಿಗೆ ಹಸಿರು ಕಾಯಿಪಲ್ಯವಿಲ್ಲ, ಅಂದು ಕಡಲೆಹಿಟ್ಟಿನ ಗಟ್ಟೆ, ಹಪ್ಪಳಗಳ ಅಡುಗೆ. ಇನ್ನೊಂದು ಮನೆಯಲ್ಲಿ ಹಿಟ್ಟಿನ ಮರ್ಯಾದೆ ಬಹಳ ಬಿಗಿ, ಮಳೆಗಾಲಕ್ಕೆ ಮೂರು ದಿನ, ಬೇಸಿಗೆಗೆ ಐದು, ಚಳಿಗಾಲಕ್ಕೆ ಏಳು. ಒಂದು ಕಡೆ ಕಾಯಿಸದ ಮೊಸರಿನೊಡನೆ ಬೇಳೆ ಕೂಡಿದರೆ ದ್ವಿದಳದೋಷ, ಆದ್ದರಿಂದ ಮೊಸರುವಡೆ ನಿಷಿದ್ಧ. ಇನ್ನೊಂದು ಕಡೆ ಕುದಿಸಿದ ನೀರೇ ಆಗಬೇಕು. ಗಡ್ಡೆಗೆಣಸುಗಳನ್ನು ಎಂದೂ ಒಳತರದ ಮನೆಗಳಿವೆ, ಪರ್ವದಲ್ಲಿ ಮಾತ್ರ ಬಿಡುವ ಮನೆಗಳೂ ಇವೆ.

ತಾನು ಬೆಳೆದ ಮನೆಯ ನಿಯಮವೇ ಧರ್ಮ, ಎದುರಿನವರದು ಸಡಿಲ ಎಂದು ಪ್ರತಿಯೊಬ್ಬರಿಗೂ ಅನ್ನಿಸುತ್ತದೆ. ನಮ್ಮ ಮನೆಗೆ ಸೊಸೆ ಬಂದ ಹೊಸತರಲ್ಲಿ ನಾನೇ ಒಮ್ಮೆ, ಆಕೆ ಮಾಡಿದ ಕಢಿಯನ್ನು ನೋಡಿ, "ಕಡಲೆಹಿಟ್ಟು ಮಜ್ಜಿಗೆ ಕೂಡಿಸಿದಿಯಲ್ಲಮ್ಮ, ನಿಮ್ಮ ಕಡೆ ಇದೆಲ್ಲ ನೋಡುವುದಿಲ್ಲವೇ?" ಎಂದುಬಿಟ್ಟೆ. ಆಕೆ ತಗ್ಗಿದ ದನಿಯಲ್ಲಿ, "ಮಜ್ಜಿಗೆ ಮೊದಲು ಕಾಯಿಸಿ ಆಮೇಲೆ ಹಿಟ್ಟು ಕೂಡಿಸೀನಿ, ಮಾವನವರೇ" ಎಂದಳು. ನನಗಿಂತ ಸೂಕ್ಷ್ಮವಾಗಿ ಆಕೆ ನಿಯಮವನ್ನು ತಿಳಿದಿದ್ದಳು. ನೋಡದೆ, ಕೇಳದೆ ತೀರ್ಪು ಕೊಟ್ಟವನು ನಾನು. ಅನೇಕಾಂತವನ್ನು ವ್ಯಾಖ್ಯಾನದಲ್ಲಿ ಕೇಳಿ ತಲೆದೂಗುತ್ತೇವೆ. ಅದರ ಪರೀಕ್ಷೆ ನಡೆಯುವುದು ಮಾತ್ರ ಊಟದ ಮಣೆಯ ಮೇಲೆ.

ನೆರೆಯವರ ರೊಟ್ಟಿ

ಇದಕ್ಕಿಂತಲೂ ಭಾರವಾದ ತಪ್ಪೊಂದನ್ನು ಇಲ್ಲಿ ನಿವೇದಿಸಬೇಕು. ಮಕ್ತಲ್ ಹತ್ತಿರದ ಹಳ್ಳಿಯೊಂದರಲ್ಲಿ ನನ್ನ ಶಾಲೆಯ ಗೆಳೆಯನ ಮನೆ. ನನಗಾಗ ಒಂಬತ್ತು ವರ್ಷ. ಅವನ ತಾಯಿ ಅಕ್ಕರೆಯಿಂದ ಬಿಸಿ ಜೊನ್ನ ರೊಟ್ಟೆ, ಪಲ್ಲೀಲ ಪುಡಿ ತಂದು ಮುಂದಿಟ್ಟರು. ನಾನು ಕೈ ಹಿಂದೆ ಕಟ್ಟಿ, "ಛೀ, ನಿಮ್ಮ ಮನೆಯದು ನಾವು ತಿನ್ನುವುದಿಲ್ಲ" ಎಂದೆ. ಆ ತಾಯಿಯ ಮುಖ ಬಾಡಿದ್ದು ಇಂದಿಗೂ ನೆನಪಿದೆ. ಮನೆಗೆ ಬಂದು ಹೆಮ್ಮೆಯಿಂದ ಆಯಿಗೆ ಹೇಳಿದೆ. ಮೆಚ್ಚಿಯಾರೆಂದು ಎಣಿಸಿದ್ದೆ. ಅವರು ಮಾಡುತ್ತಿದ್ದ ಕೆಲಸ ನಿಲ್ಲಿಸಿ, "ತಿನ್ನಲಿಲ್ಲ, ಸರಿ. ಛೀ ಅಂದದ್ದು ಯಾರು ಕಲಿಸಿದರು ನಿನಗ?" ಎಂದರು.

ಮರುವಾರ ನನ್ನನ್ನು ಕರೆದುಕೊಂಡು ಅವರು ಆ ಹಳ್ಳಿಗೆ ಹೋದರು. ಗೆಳೆಯನ ತಾಯಿಯ ಮುಂದೆ ನನ್ನಿಂದ ಕೈಮುಗಿಸಿದರು. ತಮಗಿರುವ ನಿಯಮವನ್ನು ಹರಕುಮುರುಕು ತೆಲುಗಿನಲ್ಲಿ ವಿವರಿಸಿ, "ನಿಮ್ಮ ಹೊಲದ ಜೋಳ ಒಂದು ಸೇರು ಕೊಡಿರಿ, ಮನೆಗೆ ಒಯ್ದು ಮಾಡಿಕೊಂಡು ಉಣ್ಣತೀವಿ" ಎಂದರು. ಸ್ವಯಂಪಾಕವೆಂಬ ಪದ ಎರಡು ಭಾಷೆಗಳಲ್ಲೂ ಒಂದೇ. ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಮೊರದ ತುಂಬ ಜೋಳ ತಂದು ಸುರಿದರು. ಮನೆಗೆ ಬಂದು ಆ ಜೋಳದ ರೊಟ್ಟಿಯನ್ನು ಆಯಿ ಮೊದಲು ನನ್ನ ತಟ್ಟೆಗೇ ಹಾಕಿದರು.

ನಿಯಮ ಸಡಿಲವಾಗಲಿಲ್ಲ, ಆದರೆ ನಿಯಮದೊಳಗೆ ಸೇರಿಕೊಂಡಿದ್ದ ವಿಷ ಹೊರಬಿತ್ತು. ಊಟದ ನಿಷೇಧಗಳು ನಮ್ಮ ದೇಶದಲ್ಲಿ ಜಾತಿಯ ಮೇಲುಕೀಳನ್ನು ಕಾಯುವ ಕೆಲಸವನ್ನೂ ಮಾಡಿವೆ. ಜೀವದಯೆಯ ನಿಯಮವೂ ಮನುಷ್ಯರ ಬಗೆಗಿನ ಅಸಹ್ಯವೂ ಒಂದೇ ಮಾತಿನಲ್ಲಿ ಬೆರೆತು ಮಗುವಿಗೆ ಹೋದಾಗ, ಮಗು ಎರಡನ್ನೂ ಧರ್ಮವೆಂದೇ ಕಲಿಯುತ್ತದೆ. "ಅವರ ಪಾತ್ರೆಯಲ್ಲಿ ಏನು ಬೆಂದಿದೆ" ಎಂಬ ಪ್ರಶ್ನೆ ಅಹಿಂಸೆಗೆ ಸಂಬಂಧಿಸಿದ್ದು. "ಅವರು ಯಾರು" ಎಂಬ ಪ್ರಶ್ನೆಗೆ ಅಹಿಂಸೆಯಲ್ಲಿ ಎಡೆಯಿಲ್ಲ. ನೀರಿನ ಕಾಣದ ಜೀವಕ್ಕೆ ನೋವಾಗದಂತೆ ಚೆಂಬು ಇಳಿಸುವ ಕೈ, ಎದುರಿಗೆ ನಿಂತ ತಾಯಿಯ ಮನಸ್ಸಿಗೆ ನೋವಾಗದಂತೆ ರೊಟ್ಟಿಯನ್ನು ನಿರಾಕರಿಸುವುದನ್ನೂ ಕಲಿಯಬೇಕು.

ಯಾರ ಕೈಯ ವ್ರತ?

ನಾನು ನಲವತ್ತು ವರ್ಷ ಸೀರೆಯ ಅಂಗಡಿ ನಡೆಸಿದವನು. ಅಷ್ಟೂ ವರ್ಷ ರಾತ್ರಿಭೋಜನ ಮಾಡಿದವನಲ್ಲ. ಇದು ನನ್ನ ವ್ರತವೆಂದು ಅಭಿಮಾನಪಟ್ಟಿದ್ದೆ. ಸಂಜೆ ಐದರ ಮೇಲೆ ಗಿರಾಕಿಗಳ ಹೊತ್ತು. ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ನಮ್ಮಲ್ಲಿ ಐದೂಮುಕ್ಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಆದರೂ ಐದಕ್ಕೆ ಸರಿಯಾಗಿ ಬುತ್ತಿಯ ಡಬ್ಬಿ ಅಂಗಡಿಗೆ ಬರುತ್ತಿತ್ತು. ಒಂದು ದಿನವೂ ತಪ್ಪಲಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಧರ್ಮಪತ್ನಿ ಕಾಯಿಲೆಯಿಂದ ಮೂರು ತಿಂಗಳು ಹಾಸಿಗೆ ಹಿಡಿದರು. ಮಗ ಸೊಸೆ ದೂರದ ಊರಿನಲ್ಲಿದ್ದರು. ಅಡುಗೆ ನನ್ನ ಪಾಲಿಗೆ ಬಂತು. ಬೇಳೆಯನ್ನು ಪರಾತದಲ್ಲಿ ಹರಡಿ ಹುಳುವನ್ನು ಹುಡುಕಿ ಬದಿಗಿಡುವುದು, ಸೊಪ್ಪನ್ನು ಒಂದೊಂದೇ ಎಲೆಯಾಗಿ ತಿರುವಿ ನೋಡುವುದು, ನೀರು ಸೋಸುವುದು, ಒಲೆಯನ್ನು ಹಚ್ಚುವ ಮೊದಲು ಒರೆಸಿ ನೋಡುವುದು ಇವೆಲ್ಲ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಕಳೆಯುತ್ತಿತ್ತು. ಮೊದಲ ವಾರದಲ್ಲಿ ಮೂರು ದಿನ ಸೂರ್ಯಾಸ್ತದೊಳಗೆ ಊಟ ಸಿದ್ಧವಾಗಲಿಲ್ಲ. ಮೂರನೆಯ ದಿನ ಹಸಿದ ಹೊಟ್ಟೆಯಲ್ಲಿ ಕುಳಿತಾಗ ನನಗೆ ಹೊಳೆಯಿತು: ನಲವತ್ತು ವರ್ಷ ನಾನು ಪಾಲಿಸಿದೆನೆಂದುಕೊಂಡ ವ್ರತವನ್ನು ನಿಜಕ್ಕೂ ಪಾಲಿಸಿದ್ದು ಆಕೆಯ ಕೈಗಳು. ನಾನು ಉಂಡೆ, ಅಷ್ಟೇ.

ಕೃತ, ಕಾರಿತ, ಅನುಮೋದನೆ ಎಂದು ಕರ್ಮಕ್ಕೆ ಮೂರು ದಾರಿಗಳನ್ನು ನಮ್ಮ ಶಾಸ್ತ್ರ ಹೇಳುತ್ತದೆ. ಪಾಪದ ಲೆಕ್ಕಕ್ಕೆ ಮಾತ್ರ ಅದನ್ನು ನೆನೆಯುತ್ತೇವೆ. ಪುಣ್ಯದ ಲೆಕ್ಕದಲ್ಲಿ ಕಾರಿತದವರು ಮುಂದೆ ಬಂದು, ಕೃತದವರು ಒಲೆಯ ಹಿಂದೆ ಉಳಿಯುತ್ತಾರೆ. ಮನೆಯ ಸಂಸ್ಕಾರವೆಂದು ಹೊಗಳುವಾಗ ಅದು ಯಾರ ಬೆವರಿನಿಂದ ನಡೆಯುತ್ತಿದೆ ಎಂದು ಕೇಳಬೇಕು. ಗಂಡುಮಕ್ಕಳಿಗೆ ನಿಯಮವನ್ನಷ್ಟೇ ಕಲಿಸಿ ಕೆಲಸವನ್ನು ಕಲಿಸದಿದ್ದರೆ, ವಸತಿನಿಲಯಕ್ಕೆ ಹೋದ ದಿನವೇ ಆ ನಿಯಮ ಅವರ ಕೈಬಿಡುತ್ತದೆ. ಏಕೆಂದರೆ ಅದನ್ನು ನಡೆಸುವ ಕೈ ಮನೆಯಲ್ಲೇ ಉಳಿದಿರುತ್ತದೆ.

ರೂಢಿಯ ಕಣ್ಣಿಗೆ ಬೀಳದ್ದು

ರೂಢಿಗೆ ಕಾಣುವುದು ತಾನು ನಡೆದ ದಾರಿ ಮಾತ್ರ. ನಮ್ಮ ನಾರಾಯಣಪೇಟೆ, ಗದ್ವಾಲ ಸೀರೆಗಳು ದೇಶಕ್ಕೆಲ್ಲ ಪ್ರಸಿದ್ಧ. ಗದ್ವಾಲದ ಸೀರೆಗೆ ಹತ್ತಿಯ ಒಡಲು, ರೇಷ್ಮೆಯ ಅಂಚು. ರೇಷ್ಮೆಯ ಎಳೆ ತುಂಡಾಗದೆ ಬರಬೇಕಾದರೆ ಗೂಡಿನೊಳಗಿನ ಹುಳುವನ್ನು ಬಿಸಿಯಿಂದ ಕೊಲ್ಲುತ್ತಾರೆ. ಬೇಳೆಯ ಹುಳುವನ್ನು ಎಲೆಯ ಮೇಲೆತ್ತಿ ನೆರಳಿಗೆ ಬಿಡುತ್ತಿದ್ದ ಮನೆಯವನು ನಾನು, ಆ ಅಂಚಿನ ಬಗ್ಗೆ ನಲವತ್ತು ವರ್ಷ ಯೋಚಿಸಲಿಲ್ಲ. ಅಡುಗೆಮನೆಯಲ್ಲಿ ನನಗೆ ಕಣ್ಣು ತೆರೆಯಿಸಿದವರಿದ್ದರು, ಅಂಗಡಿಯಲ್ಲಿ ಇರಲಿಲ್ಲ. ಯಾರ ವೃತ್ತಿಯನ್ನೂ ದೂಷಿಸಲು ಈ ಮಾತು ಹೇಳುತ್ತಿಲ್ಲ. ಆ ನೇಯ್ಗೆಯಿಂದ ಎಷ್ಟೋ ಕುಟುಂಬಗಳು ಬದುಕಿವೆ, ನನ್ನದೂ ಬದುಕಿದೆ. ಬಾಲ್ಯದಲ್ಲಿ ಕಲಿತ ಅಹಿಂಸೆ ಕಲಿತ ಜಾಗದಲ್ಲೇ ನಿಂತುಬಿಡಬಹುದು, ಅದನ್ನು ಮುಂದಿನ ಕೋಣೆಗೆ ಒಯ್ಯುವ ಹೊಣೆ ಬೆಳೆದ ನಮ್ಮದು ಎನ್ನುವುದಕ್ಕಾಗಿ ಹೇಳಿದೆ. ಇಂದು ಪೂಜೆಗೆ ನಾನು ಹತ್ತಿಯ ಧೋತರವನ್ನೇ ಉಡುತ್ತೇನೆ. ಚಿಕ್ಕ ಹೆಜ್ಜೆ, ಆದರೆ ಇದು ಮನೆಯಿಂದ ಬಂದದ್ದಲ್ಲ, ನಾನೇ ಇಟ್ಟದ್ದು.

ಮೊಮ್ಮಗಳಿಗೆ ಉತ್ತರ

ಮಗಳೇ, ನೀನು ಕೇಳಿದ್ದು ಸರಿಯಾದ ಪ್ರಶ್ನೆ. ನೀನು ಇ‌ನ್ನೂ ಉಳ್ಳಾಗಡ್ಡಿಯನ್ನು ಬಿಟ್ಟಿಲ್ಲ, ನಿನ್ನ ತಾಯಿ, ನಿನ್ನ ಅಜ್ಜಿ, ಅವರ ಅತ್ತೆ ನಿನಗಾಗಿ ಬಿಟ್ಟಿದ್ದಾರೆ. ಅದು ಅವರು ನಿನಗೆ ಕೊಟ್ಟ ಆಸ್ತಿ. ಆಸ್ತಿ ಬಂದ ಮಾತ್ರಕ್ಕೆ ಯಾರೂ ದುಡಿದವರಾಗುವುದಿಲ್ಲ, ಹಾಗೆಂದು ಬಂದ ಆಸ್ತಿಯನ್ನು ಬೀದಿಗೆ ಚೆಲ್ಲುವುದೂ ಜಾಣತನವಲ್ಲ. ಇಂದು ನಿನ್ನ ಮುಂದೆ ತಟ್ಟೆಯಿದೆ, ತಡೆಯುವವರು ಯಾರೂ ಇಲ್ಲ. ಈಗ ನೀನು ವಿಚಾರಿಸಿ, ತಿಳಿದು, ಎಷ್ಟು ಸಾಧ್ಯವೋ ಅಷ್ಟನ್ನು ಸಂಕಲ್ಪಿಸಿದರೆ ಅದು ನಿನ್ನದಾಗುತ್ತದೆ. ಜೀವನಪರ್ಯಂತದ ಯಮವಾಗದಿದ್ದರೆ ಕಾಲಮಿತಿಯ ನಿಯಮವಾಗಲಿ ಎಂದು ಆಚಾರ್ಯರೇ ದಾರಿ ಬಿಟ್ಟಿದ್ದಾರೆ. ಹತ್ತು ದಿನ ತಿಳಿದು ನಡೆದದ್ದು ಹತ್ತು ವರ್ಷ ತಿಳಿಯದೆ ನಡೆದದ್ದಕ್ಕಿಂತ ನಿನ್ನನ್ನು ಹೆಚ್ಚು ಬೆಳೆಸೀತು. ಗೆಳತಿ ಮತ್ತೆ ಕೇಳಿದರೆ ಅವಳ ತಟ್ಟೆಯನ್ನು ಕೀಳಾಗಿ ನೋಡದೆ ನಿನ್ನ ಕಾರಣವನ್ನು ಹೇಳು. ಕಾರಣ ಹೇಳುವಾಗ ದನಿ ಏರಿದರೆ, ಇನ್ನೂ ಅದು ನಿನ್ನದಾಗಿಲ್ಲವೆಂದು ತಿಳಿ.

ತಂದೆತಾಯಂದಿರಲ್ಲಿ ನನ್ನ ವಿನಂತಿ ಇಷ್ಟೇ. ಈ ಪರ್ವದಲ್ಲಿ ಮಕ್ಕಳಿಗೆ ನಿಯಮಗಳ ಪಟ್ಟಿಯನ್ನಷ್ಟೇ ಒಪ್ಪಿಸಬೇಡಿ. ಮಗ, ಮಗಳು ಇಬ್ಬರನ್ನೂ ಅಡುಗೆಮನೆಗೆ ಕರೆದು ಬೇಳೆ ಆರಿಸಲು ಕೂಡಿಸಿರಿ. ನೀರು ಏಕೆ ಸೋಸುತ್ತೇವೆಂದು ನಿಮ್ಮ ಮನೆಯ ಭಾಷೆಯಲ್ಲಿ, ಕನ್ನಡವೋ ತೆಲುಗೋ ಮರಾಠಿಯೋ ಗುಜರಾತಿಯೋ ಮಾರವಾಡಿಯೋ ಯಾವುದಾದರೇನು, ಕುಳಿತು ಹೇಳಿರಿ. ಉತ್ತರ ತಿಳಿಯದಿದ್ದರೆ ತಿಳಿಯದೆನ್ನಿರಿ, ಮುನಿಗಳನ್ನೂ ಪಂಡಿತರನ್ನೂ ಮಕ್ಕಳೊಡನೆ ಹೋಗಿ ಕೇಳಿರಿ. ಬೆಳೆದ ಮಕ್ಕಳು ಪ್ರಶ್ನೆ ಕೇಳಿದಾಗ ಅದನ್ನು ಅವಿಧೇಯತೆ ಎನ್ನಬೇಡಿ. ರೂಢಿಯು ವ್ರತವಾಗಿ ತಿರುಗುವ ಕ್ಷಣ ಅದೇ ಆಗಿರಬಹುದು.

ಆ ಹಳ್ಳಿಯ ತಾಯಿ ಇಂದು ಇಲ್ಲ. ಪ್ರತಿವರ್ಷ ಕ್ಷಮಾಪಣೆಯ ದಿನ ನಾನು ಮೊದಲು ನೆನೆಯುವುದು ಅವರನ್ನು, ಆಮೇಲೆ ಒಲೆಯ ಮುಂದೆ ನಲವತ್ತು ವರ್ಷ ನಿಂತವರನ್ನು, ಆಮೇಲೆ ಅವಸರದಿಂದ ತೀರ್ಪು ಕೇಳಿಸಿಕೊಂಡ ಸೊಸೆಯನ್ನು. ಈ ಬರಹದಲ್ಲಿ ಯಾವ ಬಂಧುವಿನ ಮನಸ್ಸಿಗಾದರೂ ನೋವಾಗಿದ್ದರೆ ಅವರಲ್ಲಿಯೂ ಮನ, ವಚನ, ಕಾಯಗಳಿಂದ ಕ್ಷಮೆ ಬೇಡುತ್ತೇನೆ.

ಜೈ ಜಿನೇಂದ್ರ.